ಬೀದಿಕಡೆ ಕೋಣೆಯ ದೊರೆಸಾನಮ್ಮ

ಬಿಸಿಲಿಗೆ ದೊರೆಸಾನಮ್ಮನ ಮೂಗಿನ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಏಳುತ್ತಿತ್ತು. ಒಂದು ಕಡೆ ಎದ್ದು ಒಳಗಿನ ಎಳೆಗೆಂಪು ಚರ್ಮ ಬಲಿಯುವಷ್ಟರಲ್ಲಿ ಇನ್ನೊಂದು ಕಡೆ ಏಳುವುದು. ನಾನೇ ಹಾಲಿನ ಕೆನೆ ಹಚ್ಚುತ್ತಿದ್ದೆ. ಅದನ್ನು ನೋಡಿದ್ದ ನಮ್ಮ ಬೀದಿಯವರು ಇವತ್ತಿಗೂ ಹೇಳುತ್ತಾರೆ, ದೊರೆಸಾನಮ್ಮನಿಗೆ ಮೈಸೂರು ಒಗ್ಗಲಿಲ್ಲ, ಅದಕ್ಕೇ ಮನೆ ಖಾಲಿ ಮಾಡಿದರು ಅಂತ. ಸುಳ್ಳು. ಊರು ಅವರಿಗೆ ಚೆನ್ನಾಗಿಯೇ ಒಗ್ಗಿತ್ತು. ಮನೆ ನಾವು ಬಿಡಿಸಿದೆವು.

ಸ್ವಾತಂತ್ರ್ಯ ಬಂದು ಬಿಳಿಯರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದಮೇಲೆ ಇವರು ಬಂದರು, ಹೆಣ್ಣುಮಕ್ಕಳ ಸ್ಕೂಲಿಗೆ ಇಂಗ್ಲಿಷ್ ಪಾಠ ಹೇಳುವುದಕ್ಕೆ. ನಮ್ಮದು ಸೌದೆ ಡಿಪೋ. ಮಾವ ಇಲವಾಲದಿಂದ ಬಂದು ಹಾಕಿದ್ದು. ಡಿಪೋ ಹಿಂದೆ, ಮನೆ ಮುಂದೆ. ಬೀದಿಕಡೆಯ ಕೋಣೆ ಬಾಡಿಗೆಗೆ ಇದೆ ಅಂತ ಯಾರೋ ಹೇಳಿದ್ದರಂತೆ, ಟ್ರಂಕು ಹೊರಿಸಿಕೊಂಡು ಬಂದು ನಿಂತರು. ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು, ‘ಎಲ್ಲಾರೂ ಹೊಯ್ತಾವ್ರೆ, ಈವಮ್ಮ ಈಗ್ ಬಂದವ್ಳಲ್ಲ, ದಾರಿ ತಪ್ತಾ?’ ಅಂದರು. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಕೈ ಮುಗಿದರು. ಅತ್ತೆಗೆ ನಗು ಬಂತು, ಕೋಣೆ ಕೊಟ್ಟರು.

ಸ್ಕೂಲಿನವರು ಹಾಸ್ಟೆಲಿನಲ್ಲೇ ಪುಕ್ಕಟೆ ರೂಮು ಕೊಡುತ್ತೇವೆ ಅಂದಿದ್ದರು. ಇವರು ಬೇಡ ಅಂದರು. ಯಾಕೆ ಅಂತ ಕನ್ನಡ ಬಂದಮೇಲೆ ನನಗೆ ಹೇಳಿದರು: ‘ಅಲ್ಲಿ ಏಳೋಕೆ ಬೆಲ್ಲು, ಉಣ್ಣೋಕೆ ಬೆಲ್ಲು. ನಂಗೆ ಮನೆ ಬೇಕಿತ್ತು ಕಣಮ್ಮ.’ ಯುದ್ಧದಲ್ಲಿ ಅವರ ಮನೆಯ ಮೇಲೆ ಬಾಂಬು ಬಿದ್ದು, ಒಳಗಿದ್ದ ತಾಯಿ ಹೋಗಿಬಿಟ್ಟಿದ್ದರು. ಅದನ್ನು ಒಂದೇ ಸಲ ಹೇಳಿದ್ದು. ನಾನೂ ಮತ್ತೆ ಕೇಳಲಿಲ್ಲ.

ಕನ್ನಡ ಕಲಿತದ್ದು ನಮ್ಮತ್ತೆಯ ಹತ್ತಿರ. ಹಾಗಾಗಿ ಅದು ಸೌದೆ ಡಿಪೋ ಕನ್ನಡ. ಸ್ಕೂಲಿನಲ್ಲಿ ಒಂದು ದಿನ ದೊಡ್ಡ ಮೇಡಮ್ಮನವರಿಗೆ ‘ಮಳೆ ಬಂದ್ಬುಡ್ತು, ಅದ್ಕೇ ಲೇಟಾಗೋಯ್ತು ಕಣ್ರೀ’ ಅಂದರಂತೆ. ಇಂಥ ಕನ್ನಡ ಯಾರು ಕಲಿಸಿದರು ಅಂತ ಅವರು ತಲೆ ಚಚ್ಚಿಕೊಂಡರಂತೆ. ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯುತ್ತಾ ಕೂತಿದ್ದರೆ ಅತ್ತೆ, ‘ಅಗೀಬ್ಯಾಡಿ ಕಣಮ್ಮ, ನುಂಗಿ! ಹಸ ಮೆಲುಕಾಕ್ದಂಗ್ ಆಯ್ತದೆ’ ಅಂತ ಗದರುತ್ತಿದ್ದರು. ಎಲ್ಲದಕ್ಕೂ ‘ಯಾಕೆ?’ ಅನ್ನುವುದು ದೊರೆಸಾನಮ್ಮನ ಅಭ್ಯಾಸ. ಹೊಸಲು ತುಳಿಯಬಾರದು. ಯಾಕೆ? ಮಂಗಳವಾರ ಉಗುರು ಕತ್ತರಿಸಬಾರದು. ಯಾಕೆ? ‘ಯಾಕೆ ಅಂದ್ರೆ ಅಂಗೇ’ ಅನ್ನುತ್ತಿದ್ದರು ಅತ್ತೆ. ಅದನ್ನೂ ಕಲಿತು, ಸ್ಕೂಲಿನ ಹುಡುಗಿಯರು ಇಂಗ್ಲಿಷಿನಲ್ಲಿ ಹೀಗೇಕೆ ಹಾಗೇಕೆ ಅಂತ ಕೇಳಿದರೆ ‘ಅಂಗೇ’ ಅನ್ನುತ್ತಿದ್ದರಂತೆ.

ಬಂದ ವರ್ಷದ ಮಳೆಗಾಲದಲ್ಲಿ ಹೊಟ್ಟೆ ಕೆಟ್ಟು ಜ್ವರ ಬಂದು ಮಲಗಿದರು. ಅತ್ತೆ ರಾಗಿ ಗಂಜಿ ಕಾಯಿಸಿ, ಮಜ್ಜಿಗೆ ಉಪ್ಪು ಹಾಕಿ, ತಲೆ ಎತ್ತಿಹಿಡಿದು ಕುಡಿಸಿದರು. ‘ಇಲ್ಲಿ ಯಾರ್ಗೆ ಏನಾದ್ರೂ ಮೊದ್ಲು ಗಂಜಿ. ಮಿಕ್ಕಿದ್ದೆಲ್ಲ ಆಮೇಲೆ.’ ವಾಸಿಯಾದಮೇಲೆ ಇವರು ಮಾಡಿದ ಮೊದಲ ಕೆಲಸ ಗಂಜಿ ಕಾಯಿಸುವುದನ್ನು ಕಲಿತದ್ದು. ಗಂಟಾಗದ ಹಾಗೆ ತಿರುವುವುದಕ್ಕೆ ಒಂದು ವಾರ ಬೇಕಾಯಿತು.

ಆಮೇಲೆ ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಬೆಳಿಗ್ಗೆ ಹಟ್ಟಿ ಗುಡಿಸುತ್ತಿದ್ದವರು ಪೊರಕೆ ಹಿಡಿದುಕೊಂಡೇ ಕುಸಿದರು. ಅತ್ತೆಯ ದೊಡ್ಡ ಮಗ, ನಮ್ಮ ಭಾವ, ಹೆಂಡತಿಯನ್ನು ಕರೆದುಕೊಂಡು ಕೋಲಾರದ ಚಿನ್ನದ ಗಣಿಯಿಂದ ಬರಬೇಕಿತ್ತು. ಸಾಯಂಕಾಲದವರೆಗೂ ಹೆಣ ಎತ್ತುವ ಹಾಗಿರಲಿಲ್ಲ. ಹೆಣ ಎತ್ತುವ ತನಕ ಆ ಸಾಲಿನಲ್ಲಿ ಯಾವ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಇದು ನಮಗೆ ಯಾರಾದರೂ ಹೇಳಿಕೊಡಬೇಕಾದ ಮಾತಲ್ಲ, ಹಾಗಾಗಿ ದೊರೆಸಾನಮ್ಮನಿಗೂ ಯಾರೂ ಹೇಳಿರಲಿಲ್ಲ.

ನಾನು ಬಾಣಂತಿ. ಮಗಳಿಗೆ ತಿಂಗಳೂ ತುಂಬಿರಲಿಲ್ಲ. ಹಿಂದಿನ ರಾತ್ರಿ ಉಂಡಿದ್ದೇ ಕೊನೆ, ಮಧ್ಯಾಹ್ನಕ್ಕೆ ಎದೆ ಬತ್ತಿ ಹೋಯಿತು. ಕೂಸು ಕೂಗಿ ಕೂಗಿ ಸ್ವರ ಹೋಗಿ ಬರೀ ಬಾಯಿ ಬಿಡುತ್ತಿತ್ತು. ಬಾಣಂತಿಗೆ ಹಿತ್ತಲ ಕಡೆಯಿಂದ ಏನಾದರೂ ತಂದುಕೊಟ್ಟಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ, ಕಂಡರೂ ಕಾಣದ ಹಾಗೆ ಇರುತ್ತಿದ್ದರು. ಗುಟ್ಟಾಗಿ ಮಾಡಿದರೆ ನಮ್ಮಲ್ಲಿ ನಡೆಯದೆ ಇರುವುದು ಯಾವುದೂ ಇಲ್ಲ. ದೊರೆಸಾನಮ್ಮ ನಮ್ಮಿಂದ ಎಲ್ಲಾ ಕಲಿತಿದ್ದರು, ಗುಟ್ಟು ಒಂದನ್ನು ಕಲಿತಿರಲಿಲ್ಲ. ತಮ್ಮ ಸೀಮೆಎಣ್ಣೆ ಸ್ಟೌ ಹಚ್ಚಿ ಗಂಜಿ ಕಾಯಿಸಿ, ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊರಬಾಗಿಲಿನಿಂದಲೇ, ಹೆಣದ ಮಗ್ಗುಲಲ್ಲೇ ಹಾದು, ಅಳುತ್ತಿದ್ದ ಹೆಂಗಸರ ನಡುವೆ ನನ್ನ ಮುಂದೆ ಬಂದು ಕೂತರು.

‘ಮೊದ್ಲು ಗಂಜಿ’ ಅಂದರು.

ಅಳು ನಿಂತುಹೋಯಿತು. ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ‘ಥೂ, ಎಣ ಮಡಿಕ್ಕೊಂಡು ಒಲೆ ಹಚ್ಚವ್ಳೆ!’ ಅಂತ ಎದೆ ಬಡಿದುಕೊಂಡರು. ದೊರೆಸಾನಮ್ಮ ಬಟ್ಟಲನ್ನು ಹಿಂದಕ್ಕೆ ತೆಗೆಯಲಿಲ್ಲ. ನಾನು ತೆಗೆದುಕೊಂಡೆ.

‘ಮುಟ್ಬ್ಯಾಡ ಕಣೇ! ಅತ್ತೆ ಮಲಗವ್ಳೆ, ನಿಂಗೆ ಹೊಟ್ಟೆ ಚಿಂತೆಯಾ?’

‘ಹೂಂ ಚಿಕ್ಕತ್ತೆ. ಹೊಟ್ಟೆ ಚಿಂತೆಯೇ. ನೀವು ಬಂದು ಹಾಲು ಕೊಡ್ತೀರಾ?’

ಅಂದು, ಬಟ್ಟಲು ಖಾಲಿ ಮಾಡಿದೆ. ಗಂಟಿರಲಿಲ್ಲ.

ಮಗಳು ಆವತ್ತು ಸಂಜೆ ಹಾಲು ಕುಡಿದು ನಿದ್ದೆ ಹೋದಳು. ಮಾತು ಮಾತ್ರ ಮಲಗಲಿಲ್ಲ. ಹನ್ನೊಂದನೇ ದಿನ ತಿಥಿ. ಇಲವಾಲದ ನೆಂಟರು ಹೇಳಿ ಕಳಿಸಿದರು: ಆ ಹೆಂಗಸು ಆ ಮನೆಯಲ್ಲಿದ್ದರೆ ನಾವು ಎಲೆ ಮುಂದೆ ಕೂರುವುದಿಲ್ಲ. ಮಾವ ಒಳ್ಳೆಯವರೇ. ‘ಅವಮ್ಮನ ಮೇಲೆ ನಂಗೇನ್ ಕ್ವಾಪ ಕಣವ್ವ? ನೆಂಟ್ರು ಉಣ್ದೆ ಹೋದ್ರೆ ನಿಮ್ಮತ್ತೆಗೆ ಸದ್ಗತಿ ಆಯ್ತದಾ?’ ಅಂದರು.

‘ಕುಡಿದೋಳು ನಾನಲ್ವಾ ಮಾವ? ನಾನೂ ಹೊರಡ್ಲಾ?’

‘ನೀನು ಸೊಸೆ. ಅವರು ಬಾಡಿಗೆಯೋರು.’

ನನ್ನ ಗಂಡ ಪಕ್ಕದಲ್ಲೇ ಕೂತು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದರು.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅವರು ಆವತ್ತು ಯಾಕೆ ಅಂತ ಕೇಳಲಿಲ್ಲ. ‘ನಾನು ಇದ್ರೆ ಅವ್ರು ಉಣ್ಣಲ್ವಾ?’ ಅಂದರು.

‘ಉಣ್ಣಲ್ಲ.’

‘ಹಂಗಾದ್ರೆ ಹೊಯ್ತೀನಿ ಬುಡು. ನಿಮ್ಮತ್ತೆ ನನ್ನೂ ಮನೆಯೋಳು ಅಂದಿದ್ರು. ಅವ್ರ ತಿಥಿ ಕೆಡಬಾರ್ದು’ ಅಂದರು. ತಿಥಿಯ ಹಿಂದಿನ ದಿನ ಜಟಕಾದಲ್ಲಿ ಟ್ರಂಕು ಹೋಯಿತು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು, ಯಾರೂ ಹೋಗಿಬನ್ನಿ ಅನ್ನಲಿಲ್ಲ.

ಆಮೇಲೆ ಅವರು ಮೈಸೂರು ಬಿಡಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ, ಬೇಡ ಅಂದಿದ್ದ ಆ ಹಾಸ್ಟೆಲಿನ ರೂಮಿನಲ್ಲೇ ಇದ್ದರು, ಕಾಮಾಲೆಯಾಗಿ ಇಲ್ಲೇ ತೀರಿಕೊಂಡರು. ನನ್ನ ಮಗಳಿಗೆ ಇಂಗ್ಲಿಷ್ ಕಲಿಸಿದ್ದು ಅವರೇ. ಮಣ್ಣಿಗೆ ನಾನೂ ಮಗಳೂ ಹೋಗಿದ್ದೆವು. ಅವರ ಕಡೆಯವರು ಅಂತ ಸಮುದ್ರದ ಆಚೆಯಿಂದ ಯಾರೂ ಬರಲಿಲ್ಲ, ಬರುವವರೂ ಇರಲಿಲ್ಲ. ಪಾದ್ರಿಗಳು ಮೊದಲ ಹಿಡಿ ಮಣ್ಣು ಯಾರು ಹಾಕುತ್ತೀರಿ ಅಂತ ಸುತ್ತಲೂ ನೋಡಿದಾಗ ನಾನು ಮುಂದೆ ಹೋದೆ. ಹೋಗುವ ಹಕ್ಕು ನನಗೆ ಆ ಜಟಕಾ ಹೋದ ಮಾರನೆಯ ಬೆಳಿಗ್ಗೆಯೇ ಬಂದಿತ್ತು.

ಆ ಬೆಳಿಗ್ಗೆ ಇಲವಾಲದವರು ಗಾಡಿಯಿಂದ ಇಳಿದು ಕಾಲು ತೊಳೆಯುತ್ತಿದ್ದರು. ಎಲೆ ಹಾಕುವ ಹೊತ್ತಿಗೆ ದೊಡ್ಡ ಸೊಸೆ ಇದ್ದರೆ ಸಾಕು ಅಂತ ಮಾವನಿಗೆ ಹೇಳಿ, ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು, ಅವರ ಎದುರಿಗೇ ಹೊರಬಾಗಿಲು ದಾಟಿ ಹೊರಟೆ. ‘ಬಾಣಂತಿ ಎಲ್ಲಿಗ್ ಹೊರಟ್ಳು?’ ಅಂತ ಚಿಕ್ಕತ್ತೆ ಕೂಗಿದ್ದು ಬೀದಿ ಕೊನೆವರೆಗೂ ಕೇಳಿಸಿತು. ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ತಡೆದ. ‘ಯಾರಮ್ಮ ನೀವು? ಇಲ್ಲಿಗೆ ಮಕ್ಕಳ ಮನೆಯೋರ್ನ ಬಿಟ್ಟು ಬೇರೆಯೋರ್ನ ಬಿಡಲ್ಲ.’

‘ಇಂಗ್ಲಿಷ್ ಮೇಡಮ್ಮನ ಮನೆಯೋಳು’ ಅಂದೆ. ‘ಗೇಟ್ ತೆಗಿ.’