ಹುಳು ಹಣ್ಣಾದ ದಿನ

ರಾಯದುರ್ಗದ ದಾರಿಯನ್ನು ಚಿತ್ತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಡಕಶಿರಾದಲ್ಲಿ ಬಸ್ಸು ಹತ್ತಿ, ಪಾವಗಡದಲ್ಲಿ ಇಳಿದು, ಅಲ್ಲಿ ಕಲ್ಯಾಣದುರ್ಗದ ಬಸ್ಸು ಹಿಡಿದು, ಕಲ್ಯಾಣದುರ್ಗದಿಂದ ರಾಯದುರ್ಗ. ಆಂಧ್ರದ ಒಂದು ಊರಿನಿಂದ ಆಂಧ್ರದ ಇನ್ನೊಂದು ಊರಿಗೆ ಹೋಗಲು ನಡುವೆ ಕರ್ನಾಟಕದ ನೆಲವನ್ನು ದಾಟಬೇಕು. ಎರಡೂ ಊರುಗಳು ಅನಂತಪುರ ಜಿಲ್ಲೆಯಲ್ಲೇ ಇದ್ದಾಗಲೂ ಹಾಗೆಯೇ ಇತ್ತು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಜಿಲ್ಲೆಯನ್ನು ಒಡೆದು ಮಡಕಶಿರಾವನ್ನು ಬೇರೆಡೆಗೆ ಸೇರಿಸಿದಾಗ, ಈ ಎರಡೂ ಕಡೆ ಹೆಣ್ಣು ಕೊಟ್ಟು ತಂದುಕೊಂಡವರು ಇದ್ದಾರೆಂಬುದು ನಕ್ಷೆ ಬರೆದವರ ಗಮನಕ್ಕೆ ಬಂದಂತಿಲ್ಲ. ಚಿತ್ತಮ್ಮ ಮಾತ್ರ ಈ ದಾರಿಯನ್ನು ಎಂದೂ ದೂರಿದವಳಲ್ಲ. ಗಂಡನ ಅಕ್ಕ ಓಬಮ್ಮನ ಹನ್ನೊಂದನೇ ದಿನದ ಕಾರ್ಯಕ್ಕೆ ಗಂಡನ ಪಕ್ಕದಲ್ಲಿ ಕುಳಿತು ಹೊರಟ ಆ ಬೆಳಿಗ್ಗೆ, ದಾರಿ ಇನ್ನಷ್ಟು ಉದ್ದವಾಗಿರಬಾರದೇ ಎಂದು ಅವಳಿಗೆ ಅನಿಸಿತು.

ಕಾರಣವಿತ್ತು. ಓಬಮ್ಮ ತೀರಿಕೊಂಡ ದಿನ ಚಿತ್ತಮ್ಮ ಎರಡು ದೊಡ್ಡ ಸುಳ್ಳು ಹೇಳಿದ್ದಳು. ಒಂದು ಓಬಮ್ಮನ ಮಗಳು ನಾಗವೇಣಿಗೆ, ಇನ್ನೊಂದು ತನ್ನ ಗಂಡ ಸಣ್ಣತಿಮ್ಮಪ್ಪನಿಗೆ. ಮಾರನೆಯ ದಿನ ಸಣ್ಣತಿಮ್ಮಪ್ಪ ಒಬ್ಬನೇ ರಾಯದುರ್ಗಕ್ಕೆ ಹೋಗಿ, ಅಕ್ಕನನ್ನು ಹೂಳಿದ ಗುಡ್ಡೆಗೆ ಮಣ್ಣು ಹಾಕಿ ಹಿಂದಿರುಗಿದಾಗ ಏನನ್ನೂ ಕೇಳಿರಲಿಲ್ಲ. ಎರಡು ಸುಳ್ಳುಗಳೂ ಒಂದಕ್ಕೊಂದು ಎದುರಾಗಿಲ್ಲವೆಂದು ಅವಳು ಭಾವಿಸಿದ್ದಳು.

ಆ ದಿನ ಹುಳು ಹಣ್ಣಾಗಿತ್ತು.

ರೇಷ್ಮೆಹುಳುವನ್ನು ಸಾಕಿ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ತಿಳಿಯದವರಿಗಾಗಿ ಹೇಳುವುದಾದರೆ, ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳು ಒಂದು ವಾರ ಹಗಲಿರುಳು ಸೊಪ್ಪು ಮೇದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಾಯಿ ಬಿಗಿಹಿಡಿಯುತ್ತದೆ. ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನು ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡಮಾಡಿದರೆ ಅದು ಸಿಕ್ಕಸಿಕ್ಕಲ್ಲಿ ನೂಲು ಚೆಲ್ಲಿ ಮುಗಿಸುತ್ತದೆ. ಹಣ್ಣಾದ ಹುಳು ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದಲೇ ಚಿತ್ತಮ್ಮನ ಊರಿನಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ: ಯಾರ ಮನೆಯಲ್ಲಿ ಹುಳು ಹಣ್ಣಾದರೂ ಇಡೀ ಬೀದಿಯ ಹೆಂಗಸರು ತಮ್ಮ ಕೆಲಸ ಬಿಟ್ಟು ಆಯಲು ಬರುತ್ತಾರೆ. ಅದಕ್ಕೆ ಕೂಲಿ ಇಲ್ಲ. ನಾಳೆ ಅವರ ಮನೆಗೆ ಇವರು ಹೋಗುತ್ತಾರೆ.

ಅಂದೂ ಬಂದಿದ್ದರು. ಪಕ್ಕದ ಮನೆಯ ಜುಂಜಮ್ಮ ಬಾಯಿ ತೆರೆದರೆ ಹುಳುಮನೆಯೇ ನಗುತ್ತಿತ್ತು.

"ಅಲ್ಲ ಚಿತ್ತಕ್ಕ, ನಮ್ಮ ತಿಮ್ಮಣ್ಣ ಈ ಹುಳಕ್ಕೆ ಹೊತ್ತು ಹೊತ್ತು ಸೊಪ್ಪು ಹಾಕ್ದನಲ್ಲ, ಅದ್ರಲ್ಲಿ ಒಂದೆಲೆಯಷ್ಟಾನ ಹೂವ ನಿನ್ ತಲೆಗೆ ತಂದವ್ನಾ?"

"ವಾಸನೆ ಹೂವ ಹಿಡ್ಕೊಂಡು ಹುಳುಮನೆಗೆ ಬಂದ್ರೆ ಕಟ್ಕೊಂಡ ಗಂಡನ್ನೇ ಆಚೆಗಟ್ಟೋಳು ನಾನು. ಬಾಯಿ ಮುಚ್ಚಿ ಕೈ ಆಡಿಸೇ," ಎಂದಳು ಚಿತ್ತಮ್ಮ.

ಸಣ್ಣತಿಮ್ಮಪ್ಪ ಒಳಮೂಲೆಯಲ್ಲಿ ಚಂದ್ರಿಕೆಗಳನ್ನು ಎತ್ತಿ ನಿಲ್ಲಿಸುತ್ತ ಮುಸಿಮುಸಿ ನಕ್ಕ. ಆಗ ಹೊರಜಗಲಿಯ ಗೂಟಕ್ಕೆ ನೇತುಹಾಕಿದ್ದ ಫೋನು ಬಡಿದುಕೊಂಡಿತು. ಮನೆಗೆಲ್ಲ ಇದ್ದದ್ದು ಅದೊಂದೇ ಫೋನು. ಚಿತ್ತಮ್ಮ ಕೈ ಒರೆಸಿಕೊಂಡು ಹೊರಗೆ ಹೋದಳು.

"ಅತ್ತೀ..." ನಾಗವೇಣಿಯ ದನಿ ಒಡೆದಿತ್ತು. "ಅವ್ವ ಹೋದ್ಲು ಅತ್ತಿ. ಮಾವನ್ನ ಲಗೂನ ಕಳಿಸ್ರಿ. ತವರಿನ ಸೀರಿ ಬರೋತನಕ ಎತ್ತಂಗಿಲ್ಲ ಅಂತ ಹಿರೇರು ಕುಂತಾರ."

ಮದುವೆಯಾಗಿ ಹೋದ ಹೆಣ್ಣು ಎಷ್ಟೇ ಮುದುಕಿಯಾಗಿ ಸತ್ತರೂ ತವರಿನವರು ಸೀರೆ ತಂದು ಹೊದಿಸಬೇಕು. ಅಣ್ಣನೋ ತಮ್ಮನೋ ಒಬ್ಬನಾದರೂ ಇರುವವರೆಗೆ ಈ ಹಕ್ಕು ತಪ್ಪುವಂಥದ್ದಲ್ಲ. ಇದು ಚಿತ್ತಮ್ಮನಿಗೆ ತಿಳಿದಿತ್ತು. ತಿಳಿದಿದ್ದ ಇನ್ನೊಂದು ಸಂಗತಿಯೆಂದರೆ, ತಾನು ಒಳಗೆ ಹೋಗಿ ಈ ಮಾತು ಆಡಿದ ಮರುಕ್ಷಣ ಹುಳುಮನೆ ಖಾಲಿಯಾಗುತ್ತದೆ. ಸಾವಿನ ಮನೆಯವರು ಹುಳು ಮುಟ್ಟುವಂತಿಲ್ಲ, ಸೂತಕ ಬಂದ ಹುಳುಮನೆಯಲ್ಲಿ ಹೊರಗಿನವರು ನಿಲ್ಲುವಂತಿಲ್ಲ.

ಅವಳು ಒಳಗಿನ ತಟ್ಟೆಗಳತ್ತ ನೋಡಿದಳು. ತಲೆ ಎತ್ತಿದ ಹುಳುಗಳು ಅಂಚಿನತ್ತ ಹರಿಯುತ್ತಿದ್ದವು.

"ನಿಮ್ಮಾವ ಊರಲ್ಲಿಲ್ಲ ಕಣಮ್ಮ," ಎಂದಳು. ಮಾತು ತಾನಾಗಿ ಬಂತು. "ಧರ್ಮಾವರಕ್ಕೆ ಹೋಗವ್ರೆ. ಫೋನು ಇಲ್ಲೇ ಬಿಟ್ಟವ್ರೆ. ಕಾಯಬ್ಯಾಡ್ರಿ, ಎತ್ತಿಬಿಡ್ರಿ."

ಒಳಗೆ ಬಂದಾಗ ಜುಂಜಮ್ಮ, "ಯಾರ್ದೇ ಫೋನು?" ಎಂದಳು. "ಸೊಪ್ಪಿನೋನ್ದು," ಎಂದಳು ಚಿತ್ತಮ್ಮ. ಸಂಜೆ ಕೊನೆಯ ಚಂದ್ರಿಕೆ ತುಂಬಿ, ಹೆಂಗಸರು ಕೈತೊಳೆದು ಪಾಯಸ ಉಂಡು ಹೋದ ಮೇಲೆ ಗಂಡನ ಎದುರು ಕುಳಿತು, "ಈಗ ಫೋನ್ ಬಂತು. ಅಕ್ಕ ಹೋದ್ರಂತೆ," ಎಂದಳು.

ಸಾವಿನ ಮೈಲಿಗೆಯಿಂದ ಹುಳು ಸಾಯುವುದಿಲ್ಲ. ಹುಳು ಸಾಯುವುದು ಹೊರಗಿನ ಧೂಳಿನಿಂದ, ಕೊಳೆಗೈಯಿಂದ, ಗಾಳಿಯಾಡದ ತೇವದಿಂದ. ಇದನ್ನು ಬಲ್ಲವರು ಊರೂರಿಗೆ ಬಂದು ಹೇಳಿದ್ದಾರೆ, ಕೇಳಿದವರು ತಲೆಯಾಡಿಸಿ ಮನೆಗೆ ಹೋಗಿ ಮರೆತಿದ್ದಾರೆ. ಅದು ಬೇರೆಯ ವಿಷಯ. ಚಿತ್ತಮ್ಮ ಈ ವಿಚಾರವನ್ನು ನಂಬಿ ಸುಳ್ಳು ಹೇಳಿದ್ದರೆ ಅವಳ ತಪ್ಪು ಅರ್ಧವಾಗುತ್ತಿತ್ತು. ಅವಳು ಸೂತಕವನ್ನು ನಂಬಿದವಳು. ತನ್ನ ಕೈಗೆ ಸೂತಕ ತಗುಲಿದೆಯೆಂದು ಪೂರ್ತಿ ನಂಬಿಯೇ ಸಂಜೆಯವರೆಗೆ ಹುಳು ಆಯ್ದಳು. ಸಾವಿನ ಸುದ್ದಿ ತಿಳಿಯದ ಹೆಂಗಸರಿಂದಲೂ ಆಯಿಸಿದಳು. ಆಮೇಲಿನ ದಿನಗಳಲ್ಲಿ ಹುಳು ಕಪ್ಪಾಗಿ ಸತ್ತು ತನ್ನ ತಪ್ಪನ್ನು ಬೀದಿಗೆ ತೋರಿಸಲಿ ಎಂದು ಒಳಗೊಳಗೇ ಕಾದಳು. ಒಂದೂ ಸಾಯಲಿಲ್ಲ. ಗೂಡುಗಳು ಗಟ್ಟಿಯಾಗಿ, ಬೆಳ್ಳಗೆ ಬಂದವು. "ನಿನ್ ಕೈಗುಣ ಕಣೇ ಚಿತ್ತಕ್ಕ," ಎಂದಳು ಜುಂಜಮ್ಮ. ಆ ಮಾತು ಕೇಳಿ ಅವಳು ಹಿತ್ತಲಿಗೆ ಹೋಗಿ ನಿಂತಳು.

ಆ ಕೈಗೆ ಗುಣ ಕಲಿಸಿದವಳು ಓಬಮ್ಮ. ಬರೀ ರಾಗಿ ಬೆಳೆಯುವ ಸೀಮೆಯಿಂದ ಬಂದ ಹೊಸ ಸೊಸೆ ಚಿತ್ತಮ್ಮ ಹುಳು ಕಂಡರೆ ಕಿರುಚುತ್ತಿದ್ದಳು. ರಾಯದುರ್ಗದಿಂದ ಬಂದಿದ್ದ ಓಬಮ್ಮ ಅವಳ ಅಂಗೈಯ ಮೇಲೆ ಒಂದು ಹುಳುವನ್ನು ಬಿಟ್ಟು, ಮುಷ್ಟಿ ಕಟ್ಟದಂತೆ ಬೆರಳು ಹಿಡಿದು, "ತಣ್ಣಗೈತಿ ನೋಡು. ಕೂಸಿನ ಕೆನ್ನಿ ಹಂಗ," ಎಂದಿದ್ದಳು. ಮದುವೆಯಾಗಿ ರಾಯದುರ್ಗಕ್ಕೆ ಹೋದ ಮೇಲೆ ಓಬಮ್ಮನ ಮಾತು ಪೂರಾ ಬಳ್ಳಾರಿ ಕಡೆಗೆ ತಿರುಗಿತ್ತು. ತವರಿನವರು ನಕ್ಕರೆ, "ನಿಮ್ಮ 'ಐತೆ'ಗಿಂತ ನಮ್ಮ 'ಐತಿ' ಗಟ್ಟಿ ಐತಿ," ಎನ್ನುತ್ತಿದ್ದಳು. ಹುಳು ಹಣ್ಣಾಗುವ ಹೊತ್ತಿಗೆ ಸರಿಯಾಗಿ ಬಸ್ಸುಗಳನ್ನು ಬದಲಿಸಿ ಬಂದು ಬೀದಿಯ ಹೆಂಗಸರೊಡನೆ ಕುಳಿತು ಆಯುತ್ತಿದ್ದಳು.

ಅಂಥ ಒಂದು ದಿನವೇ ಚಿತ್ತಮ್ಮನ ತಾಯಿ ತೀರಿಕೊಂಡ ಸುದ್ದಿ ಬಂದದ್ದು. ಅಂದೂ ಹುಳು ಹಣ್ಣಾಗಿತ್ತು. ಚಿತ್ತಮ್ಮ ಬಾಗಿಲಲ್ಲಿ ನಿಂತು ತಟ್ಟೆಗಳನ್ನೇ ನೋಡುತ್ತಿದ್ದಾಗ ಓಬಮ್ಮ ಅವಳ ಕೈಯಲ್ಲಿದ್ದ ಮೊರವನ್ನು ಕಿತ್ತುಕೊಂಡು, "ಹುಳಾ ಹ್ವಾದ್ರ ಇನ್ನೊಂದು ಬೆಳಿ ಬರ್ತೈತಿ. ನಿಂತೀ ಯಾಕ? ನಡಿ," ಎಂದು ಬೈದು, ತನ್ನ ಚಪ್ಪಲಿಯನ್ನೇ ಅವಳ ಕಾಲಿಗೆ ಹಾಕಿ ಬಸ್ಸಿಗೆ ಅಟ್ಟಿದ್ದಳು. ಬೀದಿಯ ಹೆಂಗಸರು ಎದ್ದು ಹೋದರು. ಆ ಬೆಳೆ ನೆಲದ ಪಾಲಾಯಿತು. ಅದರ ಬಗ್ಗೆ ಓಬಮ್ಮ ಸಾಯುವತನಕ ಒಂದು ಮಾತೂ ಆಡಲಿಲ್ಲ.

ರಾಯದುರ್ಗದ ಮನೆ ಚಿಕ್ಕದು. ನಾಗವೇಣಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದಳು; ಕಾರ್ಯದ ದಿನವಾದ್ದರಿಂದ ಪ್ಯಾಂಟಿನ ರಾಶಿಯನ್ನು ಮೂಲೆಗೆ ಒತ್ತಿ ಮೇಲೆ ಹಳೆಯ ದುಪ್ಪಟಿ ಹೊದಿಸಿದ್ದಳು. ಚಿತ್ತಮ್ಮ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಎದುರುಮನೆಯ ಈರಕ್ಕ ಎಂಬ ಮುದುಕಿ ಅವಳ ಕೈ ಹಿಡಿದುಕೊಂಡಳು.

"ನೀವ ಏನ್ರಿ ಮಡಕಶಿರದವ್ರು? ತವರು ಅಂದ್ರ ಹಿಂಗಿರಬೇಕು ನೋಡ್ರಿ. ಬರಾಕ ಆಗದಿದ್ರೂ ಸೀರಿ ತಪ್ಪಿಸಲಿಲ್ಲ. ಹೆಂಗ ಒಪ್ಪಿತ್ತು ಅಂತೀರಿ ಓಬಮ್ಮಗ! ಮದುವಿ ಹೆಣ್ಣು ಕಂಡಂಗ ಕಂಡ್ಲು."

ಚಿತ್ತಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಂದು ಸೀರೆ ಹೋಗಿರಲಿಲ್ಲ. ಹೋದದ್ದು ಮಾರನೆಯ ದಿನ, ಗಂಡನ ಚೀಲದಲ್ಲಿ. ಅವಳು ಅಡುಗೆಮನೆಗೆ ಬಂದು ನಾಗವೇಣಿಯ ಹಿಂದೆ ನಿಂತಳು. ಏನನ್ನೂ ಕೇಳುವ ಮೊದಲೇ ನಾಗವೇಣಿ ಸಾರಿನ ಪಾತ್ರೆಯಿಂದ ಕಣ್ಣೆತ್ತದೆ ತಗ್ಗಿದ ದನಿಯಲ್ಲಿ ಹೇಳಿದಳು:

"ಹೊತ್ತು ಇಳಿಯೋತನಕ ಕಾಯ್ದೆ ಅತ್ತಿ. ನೀವು ಬ್ಯಾಡ ಅಂದ್ರೂ ಕಾಯ್ದೆ, ಮಾವ ಹೆಂಗರ ಬರ್ತಾನ ಅಂತ. ಹಿರೇರು ಆಡಾಕ ಹತ್ತಿದ್ರು, 'ತಮ್ಮ ಇದ್ದೂ ಇಲ್ಲದಂಗಾತು' ಅಂತ. ಕೇಳಾಕ ಆಗಲಿಲ್ಲ. ತವರಿನವ್ರು ಪಾವಗಡದ ಕಡಿಂದ ಬರೋ ಬಸ್ಸಿನಾಗ ಸೀರಿ ಕಳಿಸ್ಯಾರ, ತಗೊಂಡು ಬರ್ತೀನಿ ಅಂತ ಹೇಳಿ ಎದ್ದೆ. ಬಜಾರಿಗೆ ಹೋಗಿ ಒಂದು ಸೀರಿ ತಂದು ಹೊದಿಸಿದೆ. ಮಾವ ಮಾರನೇ ದಿನ ತಂದ ಸೀರಿ ನನ್ನ ಪೆಟ್ಟಿಗ್ಯಾಗೈತಿ. ಪಾಪ, ಆತನ ತಪ್ಪೇನೈತಿ? ಧರ್ಮಾವರದಿಂದ ಬರೋದು ಸಂಜಿ ಆತು ಅಂತ ಹೇಳಿ ಅತ್ತ."

ಗಂಡನೂ ಧರ್ಮಾವರ ಎಂದಿದ್ದಾನೆ. ಹೋಗದ ಊರಿನ ಹೆಸರನ್ನು ನಾಗವೇಣಿಯ ಬಾಯಿಂದ ಕೇಳಿ, ಆ ಕ್ಷಣದಲ್ಲೇ ಎಲ್ಲವನ್ನೂ ತಿಳಿದು, ಹೆಂಡತಿಯ ಸುಳ್ಳನ್ನು ತನ್ನದಾಗಿಸಿಕೊಂಡು ಮನೆಗೆ ಬಂದು, ಇಷ್ಟು ದಿನ ಎದುರು ಕುಳಿತು ಉಂಡಿದ್ದಾನೆ.

"ನಾಗೂ," ಎಂದಳು. "ನಿಮ್ಮಾವ ಧರ್ಮಾವರಕ್ಕೆ ಹೋಗಿರ್ಲಿಲ್ಲ. ಮನೇಲೇ ಇದ್ರು. ಹುಳ ಹಣ್ಣಾಗಿತ್ತು. ನಾನೇ ಹೇಳ್ಲಿಲ್ಲ."

ನಾಗವೇಣಿ ಸೌಟನ್ನು ಕೆಳಗಿಟ್ಟಳು.

"ಬೆಳಿ ಚೊಲೋ ಬಂತೇನ್ರಿ?"

ಕುಹಕವೋ, ಓಬಮ್ಮನ ಮಗಳಿಗೆ ಸಹಜವಾದ ಪ್ರಶ್ನೆಯೋ ತಿಳಿಯಲಿಲ್ಲ. "ಚೆನ್ನಾಗಿ ಬಂತು," ಎಂದು ನಿಜವನ್ನೇ ಹೇಳಿದಳು ಚಿತ್ತಮ್ಮ. ಆಮೇಲೆ, "ಹೊರಗೆ ಕುಂತವ್ರಿಗೆ ಹೇಳ್ಬಿಡ್ತೀನಿ ಕಣಮ್ಮ. ಆ ಮುದುಕಿ ನನ್ ಕೈ ಹಿಡ್ಕೊಂಡು ಹೊಗಳ್ತೈತೆ. ತಡ್ಕಳಕ್ಕಾಗಲ್ಲ," ಎಂದಳು.

ನಾಗವೇಣಿ ತಿರುಗಿದಳು. ಕಣ್ಣುಗಳು ಕೆಂಪಾಗಿದ್ದವು, ಆದರೆ ದನಿ ಗಟ್ಟಿಯಾಗಿತ್ತು.

"ತಡಕೋರಿ. ನಮ್ಮವ್ವ ತವರಿನ ಸೀರಿ ಹೊದ್ದು ಹೋದ್ಲು ಅಂತ ಈ ಓಣಿ ನಂಬೈತಿ. ನಿಮ್ಮ ಮನಸು ಹಗುರಾಗಲಿ ಅಂತ ಅದನ್ನ ಆಕಿ ಮೈಮ್ಯಾಲಿಂದ ಎಳೀಬ್ಯಾಡ್ರಿ. ಯಾರು ಕೇಳಿದ್ರೂ ನಾವ ಕಳಿಸಿದ್ದು ಅನ್ರಿ. ಇವತ್ತಲ್ಲ, ಯಾವತ್ತು ಕೇಳಿದ್ರೂ."

ಹಿತ್ತಲಿನಲ್ಲಿ ಸಣ್ಣತಿಮ್ಮಪ್ಪ ಕೈತೊಳೆಯುತ್ತಿದ್ದ. ಚಿತ್ತಮ್ಮ ಅವನಿಗೆ ಚೊಂಬಿನಿಂದ ನೀರು ಹೊಯ್ದಳು.

"ನಿಮ್ಗೆ ಗೊತ್ತಿತ್ತು."

"ಹ್ಞೂಂ."

"ಯಾಕೆ ಬೈಲಿಲ್ಲ?"

ಅವನು ನೀರನ್ನು ಕೊಡವಿದ. "ಬಾಯಿ ಯಾವುದು ಬೈಯೋಕೆ? ಡಾಕ್ಟ್ರು ಕೈಬಿಟ್ಟ ಮ್ಯಾಲೆ ಅಕ್ಕನ್ನ ಬಳ್ಳಾರಿ ಆಸ್ಪತ್ರೆಯಿಂದ ಮನೆಗೆ ತಂದವ್ರೆ ಅಂತ ನಂಗೂ ಗೊತ್ತಿತ್ತು. ಫೋನ್ ಬಡ್ಕಂಡಿದ್ದೂ ಕೇಳಿಸ್ತು, ನೀನು ಒಳಗೆ ಬಂದಾಗಿನ ಮುಖಾನೂ ಕಂಡೆ. ಸೊಪ್ಪಿನೋನು ಅಂದೆ. ಹಣ್ಣಾದ ಹುಳಕ್ಕೆ ಯಾವನು ಸೊಪ್ಪು ತರ್ತಾನೆ? ಕೇಳಿದ್ರೆ ಎದ್ದು ಹೋಗ್ಬೇಕಾಗ್ತಿತ್ತು. ಅದ್ಕೇ ಕೇಳ್ಲಿಲ್ಲ."

ಅವನು ಹೆಗಲ ವಸ್ತ್ರದಿಂದ ಕೈಯನ್ನೂ ಮುಖವನ್ನೂ ಒಟ್ಟಿಗೇ ಒರೆಸಿಕೊಂಡು ಗಂಡಸರ ಸಾಲಿಗೆ ಹೋಗಿ ಕುಳಿತ.

ಹೆಂಗಸರ ಪಂಕ್ತಿಯಲ್ಲಿ ಈರಕ್ಕ ಚಿತ್ತಮ್ಮನನ್ನು ತನ್ನ ಪಕ್ಕಕ್ಕೇ ಕರೆದು ಕೂಡಿಸಿಕೊಂಡಳು. ನಾಗವೇಣಿ ಅನ್ನ ಬಡಿಸುತ್ತ ಬರುತ್ತಿದ್ದಳು.

"ಆ ಸೀರಿ ನೀವ ಆರಿಸಿದ್ದೇನ್ರಿ?" ಎಂದಳು ಈರಕ್ಕ.

ಚಿತ್ತಮ್ಮ ಎಲೆಯನ್ನು ನೋಡುತ್ತ, "ಹೌದಮ್ಮ, ನಾನೇ," ಎಂದಳು.

"ಅಂಥ ಬಣ್ಣ ನಮ್ಮ ಕಡಿ ಸಿಗಂಗಿಲ್ಲ ಬಿಡ್ರಿ. ನಮ್ಮ ಸೊಸಿಗೆ ಅದ ಬಣ್ಣದ್ದೊಂದು ತರಸಬೇಕು ಅಂತ ಅವತ್ತ ಅನ್ಕೊಂಡೆ. ನಿಮ್ಮ ಊರಾಗ ಸಿಗತೈತಲ್ಲ?"

ಯಾವ ಬಣ್ಣವೆಂದು ಚಿತ್ತಮ್ಮನಿಗೆ ತಿಳಿದಿರಲಿಲ್ಲ. ತಿಳಿದಿದ್ದವಳು ಎದುರಿಗೇ ಬಗ್ಗಿ ಅನ್ನ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಈರಕ್ಕನ ಮುಂದೆ ಅವಳನ್ನು ಕೇಳುವ ಹಾಗೂ ಇರಲಿಲ್ಲ.

"ಸಿಗ್ತೈತೆ ಕಣಮ್ಮ," ಎಂದಳು ಚಿತ್ತಮ್ಮ. "ಮುಂದಿನ ಸಲ ಬರುವಾಗ ತತ್ತೀನಿ."