ಮಂಚದ ಮೇಲಿಂದ ನಡೆದ ಹಬ್ಬ

ಗಾರೆ ಕೆಲಸದಲ್ಲಿ ಎಷ್ಟೋ ಮನೆ ಕಟ್ಟಿದವನು ನಾನು. ಹೊನ್ನಾಳಿಯ ನಮ್ಮ ಪಕ್ಕದ ಮನೆಯಕ್ಕನಲ್ಲಿದ್ದಂಥ ಅಚ್ಚುಕಟ್ಟು ಎಲ್ಲೂ ಕಂಡಿಲ್ಲ. ಒಂದೊಂದು ಹಬ್ಬದ ಸಾಮಾನಿಗೂ ಬೇರೆ ಗಂಟು. "ಹಬ್ಬ ಮುಗಿದ ದಿನಾನೇ ಮುಂದಿನ ಹಬ್ಬ ಸುರು ಕಣಣ್ಣ," ಎನ್ನುತ್ತಿದ್ದರು.

ಒಮ್ಮೆ ಹಿರಿಯರ ಹಬ್ಬದ ಹೊತ್ತಿಗೇ ಚಿಕುನ್‌ಗುನ್ಯಾ ಬಂದು ಅಕ್ಕ ಮಂಚ ಹಿಡಿದರು. ತೀರಿಕೊಂಡ ಅತ್ತೆಗೆ ಅದು ಮೊದಲನೇ ಎಡೆ, ತಪ್ಪಿಸುವಂತಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆಯೆಂದೂ ಅರಿಯದ ಗಂಡ ಒಲೆಯ ಮೇಲೆ ಬೇಳೆ ಇಟ್ಟು ನನ್ನನ್ನು ಕೂಗಿದರು.

"ಟ್ರಂಕಿನಾಗೆ ಕೆಂಪು ಗಂಟೈತೆ ನೋಡ್ರಿ," ಮಲಗಿದಲ್ಲಿಂದಲೇ ಅಕ್ಕ ಹೇಳಿದರು. ಬಿಚ್ಚಿದರೆ ಕಳಶ, ಬತ್ತಿ, ಕರ್ಪೂರ, ಎಡೆಗಿಡಲು ಹೊಸ ಸೀರೆ!

"ಸೀರೆ ಯಾವಾಗ ತಗಂಡೆ?" ಎಂದರು ಗಂಡ.

"ನಿಮ್ಮವ್ವಾರೇ ಆರಿಸಿದ್ದು. ನನ್ನ ಎಡೆಗೆ ಇದನ್ನೇ ಇಡವ್ವ ಅಂತ ತಾವೇ ಗಂಟಿಗೆ ಸೇರಿಸಿ ಹೋದ್ರು."

ಗಂಡ ಸೀರೆ ಹಿಡಿದು ನಿಂತೇಬಿಟ್ಟರು.

"ಅಳಾದು ಆಮ್ಯಾಕೆ ಇರ್ಲಿ," ಎಂದರು ಅಕ್ಕ, "ಬ್ಯಾಳೆ ಸೀಯ್ತೈತೆ, ಇಳಿಸ್ರಿ."