ಗಂಟು ಬಿಡಿಸಿದ ಅಕ್ಕೋರು

"ಈಕಿ ಡಿಗ್ರಿ ಮಾಡ್ತಾಳಾ? ಈ ಜಲ್ಮದಾಗ ಆಗಲ್ಲ. ಜಟಿ ಬಂದ ತಲಿಗಿ ಸಾಲಿ ಹತ್ತಲ್ಲ" ಎಂದವಳು ನಮ್ಮ ಅತ್ತಿ, ಅಪ್ಪನ ಅಕ್ಕ. ನಾನಾಗ ಏಳನೇ ತರಗತಿಯಲ್ಲಿದ್ದೆ.

ಮೊನ್ನೆ ಬಸವಕಲ್ಯಾಣದ ಕಾಲೇಜಿನಿಂದ ಪದವಿ ಪ್ರಮಾಣಪತ್ರ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ. ಎಣ್ಣೆ ಅಂಗಡಿಯವನು ದೊಡ್ಡ ಡಬ್ಬಿಯಿಂದ ಬಾಟಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬಗ್ಗಿಸುತ್ತಿದ್ದ. ಆ ಗಡುಸು ವಾಸನೆ ಮೂಗಿಗೆ ಬಡಿದದ್ದೇ ತಡ, ಯಾರೋ ಹಿಂದಿನಿಂದ ನನ್ನ ಕೂದಲು ಹಿಡಿದು ಮೆಲ್ಲಗೆ ಎಳೆದಂತಾಯಿತು. ರಸ್ತೆಯಲ್ಲೇ ನಿಂತುಬಿಟ್ಟೆ. ಒಂದು ಬಾಟಲಿ ಕೊಂಡೆ. ನಮ್ಮೂರ ಬಸ್ಸು ಬಿಟ್ಟು ಹುಮನಾಬಾದಿನ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಶಾಲೆಯ ಟೀಚರ್, ನಮ್ಮ ಪಾಲಿನ ಅಕ್ಕೋರ ಮನೆಯಿತ್ತು. ಮೊದಲು ಅವರಿಗೆ ತೋರಿಸಬೇಕಿತ್ತು.

ಮುಡಬಿಯ ಆಚೆಗಿನ ನಮ್ಮೂರ ಶಾಲೆಗೆ ಅವರು ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಣಿತ ಹೇಳಿಕೊಡುತ್ತಿದ್ದರು. ತೆಳ್ಳಗಿನ ಆಳು, ಕಾಟನ್ ಸೀರೆ, ಬೋಳು ಹಣೆ. ಆ ಬೋಳು ಹಣೆಯಿಂದಲೇ ಅವರು ಕ್ರಿಶ್ಚಿಯನ್ನರೆಂದು ಊರಿಗೆಲ್ಲ ಗೊತ್ತಿತ್ತು. ಅವರು ತಾವಾಗಿ ತಮ್ಮ ನಂಬಿಕೆಯ ಮಾತು ಎತ್ತಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಅದೂ ನನ್ನ ಸಲುವಾಗಿ.

ಆ ವರ್ಷ ನನಗೆ ಟೈಫಾಯ್ಡ್ ಬಂತು. ಜ್ವರ ಬಿಡುವಷ್ಟರಲ್ಲಿ ತಲೆಯ ಹಿಂಬದಿಯ ಕೂದಲೆಲ್ಲ ಹೆಣೆದುಕೊಂಡು ಗಟ್ಟಿಯಾಗಿತ್ತು. ಅತ್ತಿ ಅದನ್ನು ಮುಟ್ಟಿ ನೋಡಿದಳು, ದೇವಿಯ ಅರಿಶಿನದ ಭಂಡಾರ ಹಚ್ಚಿದಳು, "ದೇವಿ ಬಂದಾಳ. ಇನ್ನ ಬಾಚಬ್ಯಾಡ್ರಿ" ಎಂದಳು. ಅತ್ತಿಗೂ ಚಿಕ್ಕಂದಿನಲ್ಲಿ ಹೀಗೇ ಜಟೆ ಬಂದಿತ್ತು, ಅವಳನ್ನು ದೇವಿಗೆ ಬಿಟ್ಟಿದ್ದರು. ಕೊರಳಲ್ಲಿ ಮುತ್ತು, ಕೈಯಲ್ಲಿ ಬುಟ್ಟಿ. ಮಂಗಳವಾರ, ಶುಕ್ರವಾರ ಮನೆಮನೆ ತಿರುಗಿ ಜೋಗ ಬೇಡುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ತನ್ನದೆನ್ನುವ ಒಂದು ಒಲೆಯಿಲ್ಲ. ಅವಳ ಬದುಕಿನ ಉಳಿದದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಊರಿನ ಎಷ್ಟೋ ಗಂಡಸರ ಹೆಸರು ಬರೆಯಬೇಕಾಗುತ್ತದೆ.

ನನಗೂ ಮುತ್ತು ಕಟ್ಟಿಸಿ ದೇವಿಗೆ ಬಿಡುವ ಮಾತು ಶುರುವಾಯಿತು. ಅದಕ್ಕೆ ಕಾನೂನಿನ ಅಡ್ಡಿಯಿದೆ ಎಂಬುದು ಶಾಲಾ ಕಮಿಟಿಯ ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತಿತ್ತು. ಊರಿನಲ್ಲಿ ದೊಡ್ಡ ಜಮೀನಿನವರು, ಓದಿದವರು. ಅವರೇ ನಮ್ಮ ಬಾಗಿಲಿಗೆ ಬಂದು, "ಗದ್ದಲ ಬ್ಯಾಡ, ಸುಮ್ಮ ಮನ್ಯಾಗೇ ಮಾಡ್ರಿ. ಸೀರಿ ನಾ ಕೊಡಿಸ್ತೀನಿ" ಎಂದರು. ಅಪ್ಪ ಹೈದರಾಬಾದಿಗೆ ಕೂಲಿಗೆ ಹೋಗಿದ್ದ. ಅವ್ವ ತಲೆ ಬಗ್ಗಿಸಿ ನಿಂತಿದ್ದಳು.

ಇದನ್ನು ನೆನೆದರೆ ಈಗಲೂ ನನ್ನ ಹಲ್ಲು ಕಟಕಟ ಎನ್ನುತ್ತವೆ. ನಮ್ಮ ಓಣಿಯವರು ಊರಿನ ದೇವಿಯ ಗುಡಿಯ ಕಟ್ಟೆ ಹತ್ತುವಂತಿರಲಿಲ್ಲ. ದೇವಿ ಮಾತ್ರ ಹುಡುಕಿ ಹುಡುಕಿ ನಮ್ಮ ಓಣಿಯ ಹುಡುಗಿಯರ ತಲೆಗೇ ಬರುತ್ತಿದ್ದಳು. ಅದೇ ವರ್ಷ ಅಧ್ಯಕ್ಷರ ಮಗಳಿಗೂ ಟೈಫಾಯ್ಡ್ ಬಂದಿತ್ತು. ಅವಳ ಕೂದಲೂ ಗಂಟಾಗಿತ್ತು. ಅವಳಿಗೆ ಬೀದರಿನಿಂದ ಶಾಂಪೂ ಬಂತು.

ನಾನು ಶಾಲೆಗೆ ಬರಲಿಲ್ಲವೆಂದು ಅಕ್ಕೋರು ಹುಡುಕಿಕೊಂಡು ಮನೆಗೆ ಬಂದರು. ನನ್ನನ್ನು ಬೆಳಕಿಗೆ ಕರೆದು, ಬಗ್ಗಿಸಿ, ಗಂಟಿನೊಳಗೆ ಬೆರಳಿಟ್ಟು ನೋಡಿದರು.

"ಇನ್ನಾ ಹಸಿ ಗಂಟದ. ಎಣ್ಣಿ ಹಚ್ಚಿದ್ರ ಬಿಡ್ತದ. ವರ್ಷಗಟ್ಟಲೆ ಬಿಟ್ರ ಕತ್ತರೀನೇ ಬೇಕಾಗ್ತದ" ಎಂದರು.

ಅತ್ತಿ ಸಿಡಿದಳು. "ಮುಟ್ಟಬ್ಯಾಡ್ರಿ ಅಕ್ಕೋರ! ದೇವಿ ಕುಂತಾಳ ಅಲ್ಲಿ."

"ಕುಂತಿದ್ರ ಕುಂದರ್ಲಿ ಅಕ್ಕಾ. ನನ್ನ ಎಣ್ಣಿಗಿ ಹೆದರಿ ಓಡೋವಷ್ಟು ಸಣ್ಣಾಕೇನು ನಿಮ್ಮ ದೇವಿ?"

ಅವ್ವ ಅಡ್ಡ ಬಂದು, "ಬಿಡಿಸಿದ್ರ ಪಾಪ ಬರ್ತದಂತ್ರಿ, ರಕ್ತ ಕಾರ್ತಾರಂತ" ಎಂದಳು.

ಅಕ್ಕೋರು ಅವ್ವನ ಕೈ ಹಿಡಿದುಕೊಂಡರು. "ಪಾಪ ಬಂದ್ರ ನನಗ ಬರ್ಲಿ ತಂಗಿ. ಮಂದಿ ಪಾಪ ಹೊತ್ತವನನ್ನೇ ನಂಬಿದಾಕಿ ನಾ. ಇಷ್ಟೂ ಹೊರದಿದ್ರ ಹ್ಯಾಂಗ? ನಿಮ್ಮ ಹುಡುಗಿ ಡಿಗ್ರಿ ತನಕ ಓದ್ತಾಳ."

ಆಗಲೇ ಅತ್ತಿ ಆ ಮಾತಂದದ್ದು, ಈ ಜಲ್ಮದಾಗ ಆಗಲ್ಲ ಎಂದು. ಆದರೆ ಮರುದಿನ ಅವ್ವ ನನ್ನನ್ನು ಶಾಲೆಗೆ ಕಳಿಸಿದಳು. ಚೀಲವನ್ನು ಕೈಗೆ ಕೊಟ್ಟಳು, ಅಷ್ಟೇ.

ಶಾಲೆ ಬಿಟ್ಟ ಮೇಲೆ ಸಂಜೆಯ ಬಸ್ಸು ಬರುವ ತನಕ ನಾವಿಬ್ಬರೂ ಶಾಲೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಬಿಸಿ ಮಾಡಿದ ಔಡಲೆಣ್ಣೆ, ಚೀಲ ಹೊಲಿಯುವ ದಬ್ಬಣ. ನನಗೆ ಚುಚ್ಚದಿರಲೆಂದು ದಬ್ಬಣದ ತುದಿಯನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದ್ದರು. ಅದರಿಂದ ಒಂದೊಂದೇ ಎಳೆ ಎಬ್ಬಿಸುತ್ತಿದ್ದರು. ನಾನು ಮುಂದೆ ಪುಸ್ತಕ ಹಿಡಿದು ತಪ್ಪಿದ ಪಾಠಗಳನ್ನು ಗಟ್ಟಿಯಾಗಿ ಓದಬೇಕು. ನೋವಾದರೆ ಅಳುವ ಬದಲು ಮಗ್ಗಿ. "ಜೋರ್ಲೆ ಹೇಳು, ಹೇನಿಗೂ ಬರ್ಲಿ ಹದಿನೇಳರ ಮಗ್ಗಿ" ಎನ್ನುತ್ತಿದ್ದರು. ಅಳುತ್ತಲೇ ನಗುತ್ತಿದ್ದೆ…

ಶುರು ಮಾಡುವ ಮೊದಲು ದಿನಾ ಎರಡೂ ಅಂಗೈಗಳನ್ನು ನನ್ನ ತಲೆಯ ಮೇಲಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಏನು ಬೇಡ್ಕೋತೀರಿ ಎಂದು ಒಮ್ಮೆ ಕೇಳಿದೆ. "ನನಗ ಸಿಟ್ಟು ಬಾರದಂಗ ಇಡಪ್ಪಾ ಅಂತೀನಿ. ಸಿಟ್ಟು ಬಂದ್ರ ಕೈ ಜಗ್ತದ. ಜಗ್ಗಿದ್ರ ನಿನಗ ನೋಯ್ತದ" ಎಂದರು.

ಆ ಅಂಗೈಗಳನ್ನೇ ಯಾರೋ ಕಾಂಪೌಂಡಿನಾಚೆಯಿಂದ ನೋಡಿದರು. ಅಕ್ಕೋರು ಹುಡುಗಿಯ ತಲೆ ಮೇಲೆ ಕೈಯಿಟ್ಟು ತಮ್ಮ ಮತಕ್ಕೆ ಸೇರಿಸುತ್ತಿದ್ದಾರೆ ಎಂದು ಸುದ್ದಿಯಾಯಿತು. ಅಧ್ಯಕ್ಷರು ಶಾಲೆಯ ಅಂಗಳದಲ್ಲಿ ಊರು ಕೂಡಿಸಿದರು. ಅಕ್ಕೋರನ್ನು ನಿಲ್ಲಿಸಿ ತಾವು ಕುರ್ಚಿಯಲ್ಲಿ ಕೂತರು. ನನ್ನನ್ನು ನಡುವೆ ಕರೆದರು.

"ಏ ಹುಡುಗಿ, ಹೆದರಬ್ಯಾಡ. ತಲಿ ಮ್ಯಾಲ ಕೈ ಇಟ್ಟು ನಿನ್ನ ಕಡಿಂದ ಏನ್ ಹೇಳಿಸಿದ್ರು?"

"ಹದಿನೇಳರ ಮಗ್ಗಿ, ರೀ."

ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರ ಮುಖ ಕೆಂಪಾಯಿತು. ನಿಜ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕೋರ ಕೈಯಲ್ಲಿ ಲೆಕ್ಕ ಕಲಿತ ಹುಡುಗರ ತಂದೆಯರಿದ್ದರು, ಅವರ ಊಟದ ಡಬ್ಬಿಯ ರೊಟ್ಟಿ ತಿಂದ ಹುಡುಗಿಯರ ತಾಯಂದಿರಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಹೆಡ್ ಮಾಸ್ತರರು ತಮ್ಮ ಚಪ್ಪಲಿ ನೋಡುತ್ತಾ ಕೂತರು. ಆ ಅಧ್ಯಕ್ಷರ ಮೇಲಿರುವಷ್ಟೇ ಸಿಟ್ಟು ನನಗೆ ಆ ಚಪ್ಪಲಿ ನೋಡಿದವರ ಮೇಲೂ ಇದೆ.

ಅಕ್ಕೋರನ್ನು ಹುಲಸೂರಿನಾಚೆ, ಗಡಿಯ ಹಳ್ಳಿಯೊಂದಕ್ಕೆ ವರ್ಗ ಮಾಡಿ ಹಾಕಿದರು. ಹೊರಡುವ ದಿನ ನನ್ನ ಕತ್ತಿನ ಮೇಲೆ ಇನ್ನೂ ಒಂದು ಗಂಟು ಉಳಿದಿತ್ತು. ಎಣ್ಣೆಯ ಬಾಟಲಿಯನ್ನೂ ದಬ್ಬಣವನ್ನೂ ನನ್ನ ಚೀಲದಲ್ಲಿಟ್ಟು ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಹೊರಗೆ ಚಾಚಿದ್ದರು. ಏನೋ ಅಂದರು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ…

ಆ ಸಂಜೆ ಅತ್ತಿ ಮತ್ತೆ ಭಂಡಾರದ ಚೀಲ ಬಿಚ್ಚಿದಳು. ಅವ್ವ ಎದ್ದು ಬಂದು ನನ್ನ ಚೀಲದಿಂದ ದಬ್ಬಣ ತೆಗೆದಳು. ಅತ್ತಿಯ ಎದುರಿಗೇ ನನ್ನನ್ನು ಕೂಡಿಸಿಕೊಂಡು ಆ ಕೊನೆಯ ಗಂಟನ್ನು ಬಿಡಿಸಿದಳು. ಅವ್ವನ ಕೈ ಜಗ್ಗುತ್ತಿತ್ತು, ಪ್ರಾಣ ಹೋಗುವಷ್ಟು ನೋಯುತ್ತಿತ್ತು. ನಾನು ಮಗ್ಗಿ ಹೇಳಿದೆ. ಅತ್ತಿ ಎದ್ದು ಹೊರಗೆ ಹೋದಳು.

ಮುಂದೆ ಹಾಸ್ಟೆಲಿನಲ್ಲಿ ಹಸಿದು, ರಜೆಯಲ್ಲಿ ತೊಗರಿ ಕೊಯ್ದು, ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ ನಾನು ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಹುಮನಾಬಾದಿನಲ್ಲಿ ಅಕ್ಕೋರ ತಮ್ಮನ ಹೆಂಡತಿ ಬಾಗಿಲು ತೆರೆದರು. ನಾನು ಯಾರೆಂದು ಹೇಳಿದೆ. ನನ್ನ ಕೈಯಲ್ಲಿನ ಬಾಟಲಿ ನೋಡಿ ಅವರ ಕಣ್ಣು ತುಂಬಿತು. "ಹೋದ ಮಳಿಗಾಲದಾಗ ಹೋದ್ರವ್ವಾ. ನೀ ಏನಾ ಆ ಮಗ್ಗಿ ಹುಡುಗಿ? ಭಾಳ ಹೇಳ್ತಿದ್ರು" ಎಂದರು. ಕುಡಿಯಲು ನೀರು ಕೊಟ್ಟರು. ಗೋಡೆಯ ಮೇಲಿನ ಫೋಟೊದಲ್ಲೂ ಅದೇ ಬೋಳು ಹಣೆ. ಒಂದು ಮಳೆಗಾಲ ತಡವಾಗಿ ಬಂದಿದ್ದೆ.

ಊರಿಗೆ ಬಂದು ಇಳಿದರೆ ಬಸ್ ನಿಲ್ಲುವಲ್ಲಿ ಫ್ಲೆಕ್ಸ್! "ನಮ್ಮೂರ ಹೆಮ್ಮೆಯ ಮಗಳು." ಮೂಲೆಯಲ್ಲಿ ನನ್ನ ಮುಖ, ನಡುವೆ ಕೈ ಮುಗಿದ ಅಧ್ಯಕ್ಷರು. ಅವರೇ ಅಲ್ಲಿ ನಿಂತಿದ್ದರು. "ಬಾ ತಂಗಿ. ನಾಳಿಗಿ ಸಮಾರಂಭ ಅದ. ಸರ್ಟಿಫಿಕೇಟ್ ತಗೊಂಡು ಬಾ, ಸ್ಟೇಜ್ ಮ್ಯಾಲ ನನ್ನ ಕೈಲಿಂದ ಕೊಡ್ತೀನಿ. ಫೋಟೊ ಆಗ್ಲಿ."

"ನೀವು ಕೊಡಬೇಕಂದದ್ದು ಸೀರಿ ರೀ. ಇದನ್ನ ಕೊಟ್ಟೋರು ಬ್ಯಾರೆ" ಎಂದೆ. ಸುತ್ತ ನಿಂತವರು ಈ ಸಲವೂ ಚಪ್ಪಲಿ ನೋಡಿಕೊಂಡರು. ಸಿಟ್ಟು ಬಾರದಂತೆ ಇಡಪ್ಪಾ ಎನ್ನುವ ಅಕ್ಕೋರ ಆ ಒಂದು ಪಾಠ ನನಗೆ ಹತ್ತಲಿಲ್ಲ. ಹತ್ತುವುದೂ ಬೇಡ.

ಮನೆಯಲ್ಲಿ ಅತ್ತಿ ಗೋಡೆಗೆ ಒರಗಿ ಕೂತಿದ್ದಳು. ಮುದುಕಿಯಾಗಿದ್ದಾಳೆ. ಜಟೆಯ ಭಾರಕ್ಕೆ ಕತ್ತು ಒಂದು ಕಡೆ ವಾಲಿದೆ. ಪ್ರಮಾಣಪತ್ರವನ್ನು ಅವಳ ಕೈಗೇ ಕೊಟ್ಟೆ. ಸೇಡಿಗೆ ಕೊಟ್ಟೆ, ಸುಳ್ಳೇಕೆ ಹೇಳಲಿ. ಅವಳು ಭಂಡಾರದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಹಿಡಿದಳು. ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಆ ಅಕ್ಕೋರ ಹೆಸರು ಎಲ್ಲಿ ಅದ ಇದರಾಗ?"

"ಇಲ್ಲ ಅತ್ತಿ. ಅವರೂ ಇಲ್ಲ ಈಗ."

ಅವಳು ಕಾಗದವನ್ನು ನನ್ನ ತೊಡೆಯ ಮೇಲಿಟ್ಟಳು. ಪಕ್ಕದಲ್ಲಿದ್ದ ಎಣ್ಣೆಯ ಬಾಟಲಿಯನ್ನು ಎತ್ತಿ ಮೂಸಿದಳು. ಆಮೇಲೆ ತಲೆಯ ಬಟ್ಟೆ ಬಿಚ್ಚಿ, ಸರಿದು, ನನಗೆ ಬೆನ್ನು ಮಾಡಿ ಕೂತಳು.

"ಎಣ್ಣಿಗಿ ಬಿಡಲ್ಲ ಇದು. ಕತ್ತರಿ ಅದ ಏನ್ ಮನ್ಯಾಗ?"